ಗದ್ದೆಗಿಳಿದ ಒಡೆಯರಿಲ್ಲದ ಹೆಬ್ಬಾತು: ಹಿಡಿಯುವುದರಿಂದ ಗಸಿಯವರೆಗೆ

ತೋಟದ ಕಾವಲಿಗೆಂದೋ ಕೆರೆಯ ಅಂದಕ್ಕೆಂದೋ ತಂದ ಹೆಬ್ಬಾತುಗಳನ್ನು ಸಾಕಲಾರದೆ ಬಿಟ್ಟುಬಿಟ್ಟರೆ, ಅವು ನಮ್ಮ ಕಾಸರಗೋಡಿನ ಹೊಳೆಬದಿಯ ಬೈಲುಗಳಲ್ಲಿಯೂ ಅಡಿಕೆ ತೋಟದ ಕೆರೆಗಳಲ್ಲಿಯೂ ತಾವೇ ಬದುಕಲು ಕಲಿಯುತ್ತವೆ. ಹೆಬ್ಬಾತಿನ ಮುಖ್ಯ ಆಹಾರ ಹುಲ್ಲು. ಆದರೆ ಎಳೆಯ ನೇಜಿಗೂ (ಭತ್ತದ ಸಸಿಗೂ) ಹುಲ್ಲಿಗೂ ಅದು ಭೇದ ಮಾಡುವುದಿಲ್ಲ. ಏಣೆಲಿನ (ಮಳೆಗಾಲದ ಭತ್ತದ ಬೆಳೆಯ) ನೇಜಿ ಹಾಕಿದ ಗದ್ದೆಗೆ ಒಂದು ಹಿಂಡು ಬೆಳಗ್ಗೆ ಇಳಿದರೆ, ಮೇದು ಉಳಿದದ್ದನ್ನು ಅಗಲವಾದ ಪಾದಗಳಿಂದ ತುಳಿದು ಕೆಸರಿಗೆ ಸೇರಿಸುತ್ತದೆ. ಹರಿವೆ ಸಾಲು, ಬಸಳೆಯ ಕುಡಿ, ಅಲಸಂಡೆಯ ಮೊಳಕೆ ಯಾವುದೂ ಉಳಿಯುವುದಿಲ್ಲ. ಇಂಥ ಹಕ್ಕಿಗಳನ್ನು ಕಾನೂನಿನ ಮಿತಿಯೊಳಗೆ, ಹಿಂಸೆಯಿಲ್ಲದೆ ಹಿಡಿದು, ಅವುಗಳ ಮಾಂಸವನ್ನು ಹಾಳುಮಾಡದೆ ಗಸಿಗೆ (ತೆಂಗಿನಕಾಯಿ ಮಸಾಲೆಯ ದಪ್ಪ ಸಾರಿಗೆ) ತರುವ ಬಗೆಯನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ಹೆಬ್ಬಾತಿನ ಮಾಂಸ ಗಟ್ಟಿ, ವಾಸನೆ ಎಂದು ದೂರುವವರು ಬಹಳ ಮಂದಿ. ಆ ದೋಷ ಹೆಚ್ಚಿನ ಸಲ ಒಲೆಯ ಮೇಲೆ ಹುಟ್ಟಿದ್ದಲ್ಲ. ಹಕ್ಕಿಯನ್ನು ಯಾವಾಗ ಹಿಡಿದರು, ಎಷ್ಟು ಓಡಿಸಿದರು, ಅದು ಎಲ್ಲಿ ಮೇಯುತ್ತಿತ್ತು, ಪುಕ್ಕ ಮತ್ತು ಕೊಬ್ಬನ್ನು ಹೇಗೆ ತೆಗೆದರು ಎಂಬುದರಲ್ಲಿಯೇ ರುಚಿಯ ಬಹುಪಾಲು ತೀರ್ಮಾನವಾಗಿರುತ್ತದೆ.

ಮೊದಲು ಗುರುತು ಹಿಡಿಯಬೇಕು

ಕಾಡುಹಕ್ಕಿಯನ್ನು ಮುಟ್ಟುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೇರಳಕ್ಕೂ ಕರ್ನಾಟಕಕ್ಕೂ ಒಂದೇ. ಅದರ ಪ್ರಕಾರ ಬೇಟೆಯೆಂದರೆ ಗುಂಡು ಹೊಡೆಯುವುದು ಮಾತ್ರವಲ್ಲ, ಉರುಳು ಹಾಕುವುದು, ಬಲೆಗೆ ಬೀಳಿಸುವುದು, ಗೂಡು ಮೊಟ್ಟೆಗಳನ್ನು ಹಾಳುಮಾಡುವುದು ಕೂಡ ಬೇಟೆಯೇ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಪಟ್ಟಿಗಳಲ್ಲಿಯೂ ಕಾಡು ಬಾತುಗಳಿಗೆ ರಕ್ಷಣೆ ಇದೆ. ಆದ್ದರಿಂದ ಈ ಬರಹದಲ್ಲಿ ಹೇಳಿರುವುದೆಲ್ಲ ಸಾಕು ತಳಿಯ ಹಕ್ಕಿಗೆ ಮಾತ್ರ ಅನ್ವಯಿಸುತ್ತದೆ.

ನಮ್ಮ ಕಡೆ ಸಾಕುವ ಹೆಬ್ಬಾತುಗಳಲ್ಲಿ ಚೀನೀ ತಳಿಯ ಲಕ್ಷಣವಿರುವವು ಹೆಚ್ಚು. ಬಣ್ಣ ಪೂರ್ತಿ ಬಿಳಿ ಅಥವಾ ಕಂದು, ಕೊಕ್ಕು ಹಣೆಯನ್ನು ಸೇರುವಲ್ಲಿ ಗುಬುಟು, ನೀಳವಾದ ಕತ್ತು, ಭಾರದ ಹಿಂಭಾಗ. ತೂಕ ಸಾಮಾನ್ಯವಾಗಿ 4ರಿಂದ 5 ಕಿಲೋ ಇರುವುದರಿಂದ ಅದು ಎತ್ತರಕ್ಕೆ ಹಾರಲಾರದು. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಇದಕ್ಕಿಂತ ತೆಳ್ಳಗಿದ್ದು ಬೂದು ಬಣ್ಣದ್ದಾಗಿರುತ್ತದೆ. ಅದರ ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿವೆ, ಗುಬುಟಿಲ್ಲ. ಗದ್ದೆಯಲ್ಲಿ ಕಾಣುವ ಚಿಕ್ಕ ಕಂದು ಬಾತು ಹಾರುವಾಗ ಶಿಳ್ಳೆಯಂಥ ದನಿ ಹೊರಡಿಸಿದರೆ ಅದು ಕಾಡಿನ ಶಿಳ್ಳೆಬಾತು. ಕಪ್ಪು ಕೊಕ್ಕಿನ ತುದಿ ಮಾತ್ರ ಹಳದಿಯಾಗಿರುವ ಬಾತು ಕೂಡ ಕಾಡಿನದೇ. ಮುಖದ ಮೇಲೆ ಕೆಂಪು ಗಂಟುಗಳಿರುವ ಮಸ್ಕೊವಿ ಬಾತು ಸಾಕು ಹಕ್ಕಿ, ಮುಂದೆ ಹೇಳುವ ಕ್ರಮ ಬಹುಮಟ್ಟಿಗೆ ಅದಕ್ಕೂ ಹೊಂದುತ್ತದೆ. ಸಂಶಯ ಉಳಿದರೆ ಹಕ್ಕಿಯನ್ನು ಬಿಟ್ಟುಬಿಡಬೇಕು. ಕುಂಬಳೆ ಸಮೀಪದ ಕಿದೂರಿನಂಥ ಕಡೆ ಹಕ್ಕಿ ನೋಡಲು ಬರುವವರಿಗೆ ಫೋಟೊ ತೋರಿಸಿದರೆ ಅವರು ಗುರುತು ಹೇಳಬಲ್ಲರು.

ಎರಡನೆಯ ಪ್ರಶ್ನೆ ಒಡೆತನದ್ದು. ಒಡೆಯರಿಲ್ಲದಂತೆ ಕಾಣುವ ಹಕ್ಕಿಗೆ ಎರಡು ಬೈಲಿನಾಚೆ ಒಡೆಯರಿರಬಹುದು. ಅಕ್ಕಪಕ್ಕದ ಮನೆಗಳಲ್ಲಿ, ಹಾಲಿನ ಸೊಸೈಟಿಯಲ್ಲಿ, ವಾರ್ಡಿನ ಸದಸ್ಯರಲ್ಲಿ ಕೇಳಿ, ಕೆಲವು ದಿನ ಕಾದು, ಯಾರೂ ತಮ್ಮದೆನ್ನದಿದ್ದರೆ ಮಾತ್ರ ಮುಂದುವರಿಯುವುದು ಸರಿ. ಸಾಕಲು ಕೇಳಿದವರಿದ್ದರೆ ಅವರಿಗೆ ಕೊಡುವುದು ಇನ್ನೂ ಒಳ್ಳೆಯದು.

ಕಾಡುಹಂದಿಯ ವಿಷಯವನ್ನು ಇದರೊಂದಿಗೆ ಬೆರೆಸುವವರಿದ್ದಾರೆ. ಬೆಳೆಹಾನಿ ಮಾಡುವ ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ ಕೇರಳದಲ್ಲಿ 2022ರಿಂದ ಸ್ಥಳೀಯಾಡಳಿತದ ಮುಖ್ಯಸ್ಥರಿಗೆ ಸಿಕ್ಕಿದೆಯಾದರೂ, ಕೊಂದ ಹಂದಿಯನ್ನು ಹೂಳಬೇಕೇ ಹೊರತು ತಿನ್ನುವಂತಿಲ್ಲ. ಅದು ಬೇರೆಯೇ ದಾರಿ.

ಹೆಬ್ಬಾತಿಗೆ ಕೋವಿಯ ಅಗತ್ಯವೂ ಇಲ್ಲ. ಮನೆಗಳು ಒತ್ತೊತ್ತಾಗಿರುವ ನಮ್ಮ ಬೈಲುಗಳಲ್ಲಿ ಅದು ಅಪಾಯ. ಅಲ್ಲದೆ ಸೀಸದ ಚಿಲ್ಲುಗಳು ಮಾಂಸದೊಳಗೆ ಚೂರಾಗಿ ಉಳಿಯುತ್ತವೆ, ಸೀಸ ಮಕ್ಕಳ ಮಿದುಳಿಗೆ ವಿಷ.

ಹಿಡಿಯುವ ಕಾಲ ಮತ್ತು ಕ್ರಮ

ಹೆಬ್ಬಾತಿನ ಮಾಂಸಕ್ಕೆ ಒಳ್ಳೆಯ ಕಾಲವೆಂದರೆ ಏಣೆಲು ಕೊಯಿಲಾದ ನಂತರದ ತಿಂಗಳುಗಳು. ಗದ್ದೆಯಲ್ಲಿ ಉದುರಿದ ಭತ್ತವನ್ನು ಆಯ್ದು ತಿಂದು ಹಕ್ಕಿಯ ಎದೆ ತುಂಬಿರುತ್ತದೆ, ಚರ್ಮದಡಿ ಕೊಬ್ಬು ಕೂಡಿರುತ್ತದೆ. ಮೊಟ್ಟೆಗೆ ಕುಳಿತ ಹಕ್ಕಿಯನ್ನು ಹಿಡಿಯಬಾರದು. ಸುಮಾರು 30 ದಿನ ಕಾವು ಕೂರುವ ಅದು ಬಡಕಲಾಗಿರುತ್ತದೆ, ಜೋಡಿಯ ಗಂಡು ಮೈಮೇಲೆ ಬೀಳುತ್ತದೆ. ಪುಕ್ಕ ಉದುರಿಸಿ ಹೊಸ ಪುಕ್ಕ ಬರುವ ಸಮಯವೂ ಬೇಡ. ಆಗ ಹಾರಲಾರದ ಹಕ್ಕಿ ಸುಲಭವಾಗಿ ಕೈಗೆ ಸಿಗುತ್ತದೆ ನಿಜ, ಆದರೆ ಚರ್ಮದ ತುಂಬ ರಕ್ತ ತುಂಬಿದ ಎಳೆಗರಿಗಳಿದ್ದು ಅವನ್ನು ಕೀಳುವಷ್ಟರಲ್ಲಿ ಚರ್ಮ ಹರಿದುಹೋಗುತ್ತದೆ. ಎದೆಯ ಪುಕ್ಕವನ್ನು ಬೆರಳಿಂದ ಹಿಮ್ಮುಖವಾಗಿ ಸರಿಸಿ ನೋಡಿದರೆ ಎಳೆಗರಿಗಳ ಕಪ್ಪು ಚುಕ್ಕೆಗಳು ಕಾಣುತ್ತವೆ. ಕಂಡರೆ ಕೆಲವು ವಾರ ಕಾಯಬೇಕು.

ಓಡಿಸಿ ಹಿಡಿಯುವ ಯೋಚನೆಯನ್ನೇ ಬಿಡಬೇಕು. ಗದ್ದೆಯುದ್ದಕ್ಕೂ ಅಟ್ಟಿಸಿಕೊಂಡು ಹೋದ ಹಕ್ಕಿಯ ಸ್ನಾಯುಗಳಲ್ಲಿನ ಶಕ್ತಿಯ ಸಂಗ್ರಹ ಕರಗಿಹೋಗುವುದರಿಂದ, ಸತ್ತ ಬಳಿಕ ಮಾಂಸದಲ್ಲಿ ಉಂಟಾಗಬೇಕಾದ ಆಮ್ಲೀಯತೆ ಉಂಟಾಗದೆ ಅದು ಕಪ್ಪಾಗಿ, ಅಂಟಾಗಿ, ಬೇಗ ಹಳಸುತ್ತದೆ. ನಾಯಿಯನ್ನು ಬಿಟ್ಟು ಹಿಡಿಸುವುದಂತೂ ಕ್ರೌರ್ಯ.

ಒಳ್ಳೆಯ ಉಪಾಯವೆಂದರೆ ಹಕ್ಕಿಗಳೇ ಒಳಗೆ ಬರುವಂತೆ ಮಾಡುವುದು. ಕೆರೆಗೂ ಗದ್ದೆಗೂ ನಡುವೆ ಅವು ದಿನವೂ ನಡೆಯುವ ದಾರಿಯನ್ನು ಹಿಕ್ಕೆ ಮತ್ತು ಹೆಜ್ಜೆಗಳಿಂದ ಪತ್ತೆಮಾಡಿ, ಅದರ ಪಕ್ಕದಲ್ಲಿ ಅಡಿಕೆ ದಬ್ಬೆ ಊರಿ ಸೊಂಟದೆತ್ತರದ ಆವರಣ ಕಟ್ಟಬೇಕು. ಬಾಯಿ ಅಗಲವಾಗಿಯೂ ಒಳಗೆ ಹೋದಂತೆ ಕಿರಿದಾಗಿಯೂ ಇರಲಿ. ದಬ್ಬೆಗಳ ನಡುವೆ ನೆರಳುಬಲೆ ಬಿಗಿದರೆ ಸಾಕು. ಮೀನಿನ ಹಳೆಯ ಬಲೆ ಮಂಜೇಶ್ವರ, ಕುಂಬಳೆಯ ಕಡಲಬದಿಯಲ್ಲಿ ಅಗ್ಗಕ್ಕೆ ಸಿಗುತ್ತದೆಯಾದರೂ ಅದರ ಕಣ್ಣುಗಳಲ್ಲಿ ಹಕ್ಕಿಯ ತಲೆ ಸಿಕ್ಕಿಹಾಕಿಕೊಳ್ಳುವುದರಿಂದ ನಾನು ಅದನ್ನು ಬಳಸಲು ಹೇಳುವುದಿಲ್ಲ. ಮೊದಲ ದಿನಗಳಲ್ಲಿ ಬಾಯಿಯ ಹೊರಗೆ, ಆಮೇಲೆ ಬಾಗಿಲಲ್ಲಿ, ಕೊನೆಗೆ ಒಳಗೆ ಎಂಬಂತೆ ಪ್ರತಿ ಸಂಜೆ ಅದೇ ಹೊತ್ತಿಗೆ ಭತ್ತ ಅಥವಾ ತೌಡಿನಲ್ಲಿ ಕಲಸಿದ ಕುಚ್ಚಲಕ್ಕಿ ಅನ್ನ ಇಡಬೇಕು. ಒಂದು ವಾರದಲ್ಲಿ ಹಿಂಡು ತಾನಾಗಿ ಒಳಗೆ ಬಂದು ಕಾಯುತ್ತದೆ. ಬಾಗಿಲು ಹಾಕುವವರು ದಿನವೂ ತಿನಿಸು ಇಡುವವರೇ ಆಗಿರಲಿ, ಹೊಸ ಮುಖ ಕಂಡರೆ ಹೆಬ್ಬಾತು ಕೂಗಿ ಊರೆಲ್ಲ ಎಬ್ಬಿಸುತ್ತದೆ.

ಆವರಣ ಕಟ್ಟಲು ಆಗದಿದ್ದರೆ ಇಬ್ಬರು ಉದ್ದನೆಯ ಬಿದಿರು ಗಳುಗಳನ್ನು ಅಡ್ಡಲಾಗಿ ಹಿಡಿದು, ಹಿಂಡಿನ ಹಿಂದೆ ದೂರದಲ್ಲಿ, ಅವು ನಡೆಯುವ ವೇಗದಲ್ಲೇ ನಡೆದರೆ ಹಟ್ಟಿಯ ಕಡೆಗೆ ತಿರುಗಿಸಬಹುದು. ಹೆಬ್ಬಾತು ಹಿಂಡು ಬಿಡದ ಹಕ್ಕಿ. ಒಂದು ತಿರುಗಿದತ್ತ ಉಳಿದವು ತಿರುಗುತ್ತವೆ.

ಆವರಣಕ್ಕೆ ಬಂದ ಹಕ್ಕಿಯನ್ನು ಕತ್ತಲಾದ ಮೇಲೆ ಕೈಗೆತ್ತಿಕೊಳ್ಳುವುದು ಸುಲಭ. ಟಾರ್ಚನ್ನು ನೆಲದತ್ತ ಹಿಡಿದು ಹಿಂದಿನಿಂದ ಸಮೀಪಿಸಿ, ಕತ್ತಿನ ಬುಡವನ್ನು ಒಂದು ಕೈಯಲ್ಲಿ ಮೃದುವಾಗಿ ಹಿಡಿದು, ಇನ್ನೊಂದು ತೋಳಿನಿಂದ ಎರಡೂ ರೆಕ್ಕೆಗಳನ್ನು ಒತ್ತಿ ಮೈಯನ್ನು ಕಂಕುಳಕ್ಕೆ ಆನಿಸಿಕೊಳ್ಳಬೇಕು. ತಲೆ ಹಿಂದಕ್ಕೆ ಇರಲಿ, ಆಗ ಕೊಕ್ಕು ಮುಖಕ್ಕೆ ತಾಗುವುದಿಲ್ಲ. ಕೋಳಿಯಂತೆ ಕಾಲು ಹಿಡಿದು ತೂಗಾಡಿಸಬಾರದು, ಇಷ್ಟು ಭಾರದ ಹಕ್ಕಿಯ ಕಾಲಿನ ಕೀಲು ತಪ್ಪುತ್ತದೆ. ರೆಕ್ಕೆಯ ಹೊಡೆತ ಬಲವಾಗಿರುತ್ತದೆ, ಮಸ್ಕೊವಿಯಾದರೆ ಉಗುರು ಚರ್ಮ ಸೀಳುತ್ತದೆ. ಉದ್ದ ತೋಳಿನ ಅಂಗಿ ಮತ್ತು ಕೈಗವಸು ಇರಲೇಬೇಕು.

ತೂಕಡಿಸುವ, ಕತ್ತು ತಿರುಚುವ, ಕಣ್ಣು ಮೂಗಿನಲ್ಲಿ ನೀರು ಸುರಿಯುವ ಹಕ್ಕಿಯನ್ನು ಅಥವಾ ಸುತ್ತಲೂ ಹಕ್ಕಿಗಳು ಸತ್ತುಬಿದ್ದಿರುವ ಕಡೆಯ ಯಾವುದನ್ನೂ ಮುಟ್ಟದೆ ಪಶುವೈದ್ಯ ಆಸ್ಪತ್ರೆಗೆ ತಿಳಿಸಬೇಕು. ದಕ್ಷಿಣ ಕೇರಳದ ಕುಟ್ಟನಾಡಿನ ಬಾತುಗಳಲ್ಲಿ 2014ರಲ್ಲಿಯೂ 2021ರಲ್ಲಿಯೂ 2024ರಲ್ಲಿಯೂ ಹಕ್ಕಿಜ್ವರ ಕಾಣಿಸಿಕೊಂಡು ಹಿಂಡುಗಳನ್ನೇ ನಾಶಮಾಡಬೇಕಾಯಿತು. ಬಾತುಗಳು ರೋಗದ ಲಕ್ಷಣ ತೋರಿಸದೆಯೇ ವೈರಸ್ಸನ್ನು ಹೊತ್ತಿರಬಲ್ಲವು. ಹತ್ತಿರದಲ್ಲಿ ಅಂಥ ಸುದ್ದಿ ಇರುವಷ್ಟು ದಿನ ಹಿಡಿಯುವ, ಕೊಯ್ಯುವ ಕೆಲಸ ಬೇಡ.

ಕೂಡಿಹಾಕಿ ಮೇಯಿಸುವುದು

ಹಿಡಿದ ದಿನವೇ ಕೊಯ್ದರೆ ಮಾಂಸದಲ್ಲಿ ಕೆಸರಿನ, ಪಾಚಿಯ ವಾಸನೆ ಉಳಿಯುತ್ತದೆ. ಎರಡು ವಾರ ಒಣ ನೆಲದ ಗೂಡಿನಲ್ಲಿ ಕೂಡಿಹಾಕಿ ಭತ್ತ, ನೆನೆಸಿದ ಜೋಳ, ತೌಡು, ತೋಟದ ಹುಲ್ಲು ಮತ್ತು ಬೇಕಾದಷ್ಟು ಶುದ್ಧ ನೀರು ಕೊಟ್ಟರೆ ವಾಸನೆ ಹೋಗಿ ಕೊಬ್ಬು ಬೆಳ್ಳಗಾಗುತ್ತದೆ. ಮೀನಿನ ತ್ಯಾಜ್ಯವನ್ನು ಹಾಕಲೇಬಾರದು. ಅದರ ವಾಸನೆ ನೇರವಾಗಿ ಕೊಬ್ಬಿಗೆ ಇಳಿಯುತ್ತದೆ.

ಇನ್ನೂ ಗಂಭೀರವಾದ ವಿಷಯ ಬೆಳೆಗೆ ಬಿಡುವ ಮದ್ದಿನದು. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಈ ಕಾಸರಗೋಡು ಜಿಲ್ಲೆಯಲ್ಲಿ ಮಣ್ಣು ನೀರಿಗೆ ಸೇರಿದ ವಿಷ ಮನುಷ್ಯರ ಮೈಯಲ್ಲಿ ಏನು ಮಾಡುತ್ತದೆ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಿಂಡು ಮೇಯುತ್ತಿದ್ದ ಜಾಗದಲ್ಲಿ ಇತ್ತೀಚೆಗೆ ಯಾರು, ಯಾವ ಮದ್ದು ಬಿಟ್ಟರು ಎಂದು ಕೇಳಿಯೇ ತೀರಬೇಕು. ಅಡಿಕೆಯ ಮಹಾಳಿ (ಕೊಳೆ) ರೋಗಕ್ಕೆ ಮಳೆಗಾಲದಲ್ಲಿ ಬಿಡುವ ಬೋರ್ಡೋ ದ್ರಾವಣದ ಮೈಲುತುತ್ತು ಅಡಿಕೆ ಮರದಡಿಯ ಹುಲ್ಲಿನ ಮೇಲೂ ಬಿದ್ದಿರುತ್ತದೆ, ಆದ್ದರಿಂದ ಆ ತಿಂಗಳುಗಳಲ್ಲಿ ತೋಟದೊಳಗೆ ಮೇದ ಹಕ್ಕಿಯನ್ನು ಬಿಡುವುದು ಲೇಸು. ಇಲಿಪಾಷಾಣ ಇಟ್ಟ ಗದ್ದೆಯಲ್ಲಿ ಮೇದ ಹಕ್ಕಿ ಯಾವ ಕಾಲದಲ್ಲಿಯೂ ಬೇಡ. ಎರಡು ವಾರ ಕೂಡಿಹಾಕಿದ ಮಾತ್ರಕ್ಕೆ ಕೊಬ್ಬಿನಲ್ಲಿ ಸೇರಿದ ವಿಷ ಹೋಗುವುದಿಲ್ಲ. ಮೇವಿನ ಜಾಗದ ಬಗ್ಗೆ ಪೂರ್ತಿ ಭರವಸೆಯಿಲ್ಲದಿದ್ದರೆ ಆ ಹಕ್ಕಿಯನ್ನೇ ತಿನ್ನಬಾರದು.

ಎಳೆಯದೋ ಹಳೆಯದೋ ಎಂಬುದನ್ನು ಈ ದಿನಗಳಲ್ಲಿ ನೋಡಿಕೊಳ್ಳಬಹುದು. ಎಳೆಯ ಹಕ್ಕಿಯ ಎದೆಮೂಳೆಯ ತುದಿ ಒತ್ತಿದರೆ ಬಾಗುತ್ತದೆ, ಪಾದದ ಜಾಲ ಮೃದುವಾಗಿರುತ್ತದೆ. ಹಳೆಯದರಲ್ಲಿ ಎರಡೂ ಗಟ್ಟಿ. ಹೆಬ್ಬಾತು 20 ವರ್ಷವೂ ಬದುಕಬಲ್ಲ ಹಕ್ಕಿಯಾದ್ದರಿಂದ ಈ ವ್ಯತ್ಯಾಸ ಬೇಯಿಸುವ ಹೊತ್ತನ್ನೇ ಬದಲಿಸುತ್ತದೆ.

ಕೊಯ್ಯುವುದು ಮತ್ತು ಪುಕ್ಕ ತೆಗೆಯುವುದು

ಹಿಂದಿನ ರಾತ್ರಿಯಿಂದ ತಿನಿಸು ನಿಲ್ಲಿಸಿ ನೀರು ಮಾತ್ರ ಇಡಬೇಕು. 8ರಿಂದ 12 ಗಂಟೆ ಹಸಿದಿದ್ದರೆ ಕರುಳು ಖಾಲಿಯಾಗಿ ಮಾಂಸ ಕೊಳೆಯಾಗುವ ಭಯ ಕಡಿಮೆ. ಬೆಳಗಿನ ತಂಪಿನಲ್ಲಿ, ಉಳಿದ ಹಕ್ಕಿಗಳ ಕಣ್ಣಿಗೆ ಬೀಳದ ಕಡೆ ಈ ಕೆಲಸ ನಡೆಯಲಿ. ಗೋಣಿಚೀಲದ ಮೂಲೆಯಲ್ಲಿ ತೂತು ಮಾಡಿ, ಹಕ್ಕಿಯನ್ನು ಒಳಗಿಳಿಸಿ ತಲೆ ಮಾತ್ರ ತೂತಿನಿಂದ ಹೊರಬರುವಂತೆ ತಲೆಕೆಳಗಾಗಿ ತೂಗಿದರೆ ಅದು ರೆಕ್ಕೆ ಬಡಿಯದೆ ಶಾಂತವಾಗುತ್ತದೆ, ರೆಕ್ಕೆಯ ಎಲುಬು ಮುರಿದು ಮಾಂಸದಲ್ಲಿ ರಕ್ತ ಕಟ್ಟುವುದೂ ತಪ್ಪುತ್ತದೆ. ತಲೆಯ ಹಿಂಭಾಗಕ್ಕೆ ಮರದ ಕೊರಡಿನಿಂದ ಒಂದೇ ಬಲವಾದ ಪೆಟ್ಟು ಕೊಟ್ಟು ಪ್ರಜ್ಞೆ ತಪ್ಪಿಸಿ, ತಕ್ಷಣ ದವಡೆಯ ಕೆಳಗೆ ಕತ್ತಿನ ಎರಡೂ ಬದಿಯ ರಕ್ತನಾಳಗಳನ್ನು ಹರಿತವಾದ ಚೂರಿಯಿಂದ ಕತ್ತರಿಸಬೇಕು. ಊಟಕ್ಕೆ ಮುಸ್ಲಿಂ ನೆರೆಯವರಿದ್ದರೆ ಪ್ರಜ್ಞೆ ತಪ್ಪಿಸುವ ಮೊದಲೇ ಅವರನ್ನು ಕರೆದು ಅವರ ಕೈಯಿಂದಲೇ ಕೊಯ್ಯಿಸುವುದು ನಮ್ಮ ಊರುಗಳ ಮರ್ಯಾದೆ. ಯಾರೇ ಕೊಯ್ದರೂ ಚೂರಿಯನ್ನು ಹಿಂದಿನ ದಿನವೇ ಮಸೆದಿಟ್ಟಿರಬೇಕು. ರಕ್ತ ಪೂರ್ತಿ ಇಳಿಯುವವರೆಗೆ ಕೆಲವು ನಿಮಿಷ ಬಿಡಬೇಕು.

ಹೆಬ್ಬಾತಿನ ಪುಕ್ಕಕ್ಕೆ ಎಣ್ಣೆ ಸವರಿದಂತಿರುವುದರಿಂದ ನೀರು ಬುಡಕ್ಕೆ ಇಳಿಯುವುದಿಲ್ಲ. ಕೋಳಿಗೆ ಸಾಕಾಗುವ ನೀರು ಇಲ್ಲಿ ಸಾಲದು, ಕುದಿಯುವ ನೀರಾದರೆ ಚರ್ಮ ಬೆಂದು ಹರಿಯುತ್ತದೆ. 65ರಿಂದ 70 ಡಿಗ್ರಿ ಸೆಲ್ಸಿಯಸ್ ಬೇಕು. ಥರ್ಮಾಮೀಟರ್ ಇಲ್ಲದವರು ಕುದಿಯುವ ನೀರು ಐದು ಪಾಲಿಗೆ ಬಾವಿಯ ನೀರು ನಾಲ್ಕು ಪಾಲಿನಂತೆ ಬೆರೆಸಿದರೆ ಸುಮಾರು ಇದೇ ಬಿಸಿ ಬರುತ್ತದೆ. ಹಂಡೆಯನ್ನು ಮೊದಲೇ ಬಿಸಿಯಾಗಿಸಿಕೊಂಡಿರಬೇಕು. ಪಾತ್ರೆ ತೊಳೆಯುವ ಸಾಬೂನು ಸ್ವಲ್ಪ ಕದಡಿದರೆ ನೀರು ಪುಕ್ಕದೊಳಗೆ ಇಳಿಯುತ್ತದೆ. ಕಾಲು ಹಿಡಿದು ಮುಳುಗಿಸಿ, ಕೋಲಿನಿಂದ ಪುಕ್ಕವನ್ನು ಹಿಮ್ಮುಖವಾಗಿ ಕೆದಕುತ್ತ ಎರಡು ಮೂರು ನಿಮಿಷ ಆಡಿಸಿ, ತೆಗೆದು ಒದ್ದೆ ಗೋಣಿಯಲ್ಲಿ ಐದು ನಿಮಿಷ ಸುತ್ತಿಡಬೇಕು. ಒಳಗಿನ ಹಬೆ ಉಳಿದ ಕೆಲಸ ಮಾಡುತ್ತದೆ. ಆಮೇಲೆ ಎದೆಯಿಂದ ಆರಂಭಿಸಿ, ಚರ್ಮವನ್ನು ಒಂದು ಕೈಯಿಂದ ಬಿಗಿಯಾಗಿ ಎಳೆದು ಹಿಡಿದು, ಸ್ವಲ್ಪ ಸ್ವಲ್ಪವೇ ಕಿತ್ತು, ರೆಕ್ಕೆಯ ದಪ್ಪ ಗರಿಗಳನ್ನು ಇಕ್ಕುಳದಿಂದ ಎಳೆಯಬೇಕು. ಉಳಿದ ನವಿರನ್ನು ಒಣ ತೆಂಗಿನ ಗರಿಯ ಸೂಟೆ ಹೊತ್ತಿಸಿ ಬೇಗಬೇಗನೆ ಸುಡಬೇಕು. ನಂತರ ಅರಿಶಿನ ಹಚ್ಚಿ ಚೆನ್ನಾಗಿ ತೊಳೆದರೆ ಸಾಬೂನಿನ, ಹೊಗೆಯ ಲೇಶವೂ ಉಳಿಯುವುದಿಲ್ಲ. ಇಷ್ಟು ತಾಳ್ಮೆ ಇಲ್ಲದವರು, ಅಥವಾ ಹಕ್ಕಿ ತುಂಬ ಹಳೆಯದಾದರೆ, ಪುಕ್ಕದೊಂದಿಗೆ ಚರ್ಮವನ್ನೇ ಸುಲಿಯಬಹುದು. ಆದರೆ ಎಳೆಯ ಹಕ್ಕಿಯ ಚರ್ಮವನ್ನು ಸುಲಿದು ಎಸೆಯುವುದು ದೊಡ್ಡ ನಷ್ಟ.

ಬಾಲದ ಬುಡದ ಮೇಲಿರುವ ಎರಡು ಹಳದಿ ಎಣ್ಣೆಗಂಟುಗಳನ್ನು ಸುತ್ತಲಿನ ಚರ್ಮದೊಂದಿಗೆ ಆಳವಾಗಿ ಕೊರೆದು ತೆಗೆಯಬೇಕು. ಇದನ್ನು ಮರೆತರೆ ಇಡೀ ಪಾತ್ರೆಗೆ ವಾಸನೆ ಹಿಡಿಯುತ್ತದೆ. ಗುದದ ಸುತ್ತ ಕರುಳಿಗೆ ತಾಗದಂತೆ ಕತ್ತರಿಸಿ ಒಳಗಿನದನ್ನೆಲ್ಲ ಒಟ್ಟಿಗೆ ಹೊರಗೆಳೆಯಬೇಕು. ಲಿವರಿಗೆ ಅಂಟಿದ ಹಸಿರು ಪಿತ್ತಕೋಶ ಒಡೆಯದಿರಲಿ. ಒಡೆದರೆ ತಾಗಿದ ಮಾಂಸವನ್ನು ಕತ್ತರಿಸಿ ಎಸೆಯಬೇಕು. ಹೊಟ್ಟೆಯೊಳಗಿನ ಬಿಳಿ ಕೊಬ್ಬಿನ ಪದರಗಳನ್ನು ಬೇರೆ ಪಾತ್ರೆಗೆ ಹಾಕಿಕೊಳ್ಳಬೇಕು. ಪುಕ್ಕ ಮತ್ತು ಕರುಳನ್ನು ನಾಯಿ ಕೆದಕದಷ್ಟು ಆಳವಾಗಿ, ಬಾವಿಯಿಂದ ದೂರ ಹೂಳಬೇಕು. ಕೈ, ಮಣೆ, ಚೂರಿಗಳನ್ನು ಸಾಬೂನಿನಿಂದ ತೊಳೆಯುವವರೆಗೆ ತರಕಾರಿ ಮುಟ್ಟಬಾರದು.

ಕೊಯ್ದ ಕೂಡಲೆ ಸಾರು ಮಾಡುವ ಆತುರವೇ ಮಾಂಸ ರಬ್ಬರಿನಂತಾಗಲು ಕಾರಣ. ಸತ್ತ ಬಳಿಕ ಸ್ನಾಯುಗಳು ಸೆಟೆಯುತ್ತವೆ, ಆ ಬಿಗಿತ ಸಡಿಲಗೊಳ್ಳಲು ಸಮಯ ಬೇಕು. ನಮ್ಮ ಕರಾವಳಿಯ ಸೆಕೆಯಲ್ಲಿ ಹೊರಗೆ ತೂಗಿಹಾಕುವ ಮಾತೇ ಇಲ್ಲ. ಫ್ರಿಜ್ಜಿನಲ್ಲಿ 4 ಡಿಗ್ರಿಗಿಂತ ಕೆಳಗೆ ಒಂದು ದಿನ, ಹಳೆಯ ಹಕ್ಕಿಯಾದರೆ ಎರಡು ದಿನ ಇಡಬೇಕು.

ಕೊಬ್ಬು

ಬದಿಗಿಟ್ಟ ಕೊಬ್ಬನ್ನು ಸಣ್ಣಗೆ ಹೆಚ್ಚಿ, ಅರ್ಧ ಲೋಟ ನೀರಿನೊಂದಿಗೆ ದಪ್ಪ ತಳದ ಬಾಣಲೆಯಲ್ಲಿ ಅತಿ ಸಣ್ಣ ಉರಿಯಲ್ಲಿಡಬೇಕು. ನೀರು ಆರುವವರೆಗೆ ಕೊಬ್ಬು ಸೀಯುವುದಿಲ್ಲ, ಅಷ್ಟರಲ್ಲಿ ಅದು ಕರಗಲು ಶುರುವಾಗಿರುತ್ತದೆ. ಚೂರುಗಳು ಹೊಂಬಣ್ಣಕ್ಕೆ ತಿರುಗಿದಾಗ ಸೋಸಿ ಒಣ ಭರಣಿಗೆ ತುಂಬಿ ಫ್ರಿಜ್ಜಿನಲ್ಲಿಡಬೇಕು. ಉಳಿದ ಗರಿಗರಿ ಚೂರಿಗೆ ಉಪ್ಪು, ಒಳ್ಳೆಮೆಣಸಿನ (ಕಾಳುಮೆಣಸಿನ) ಹುಡಿ ಉದುರಿಸಿದರೆ ಗಂಜಿಯ ಜೊತೆಗೆ ಬಹಳ ರುಚಿ. ಗಸಿಯ ಒಗ್ಗರಣೆಗೆ ತೆಂಗಿನೆಣ್ಣೆಯ ಬದಲು ಈ ಕೊಬ್ಬನ್ನೇ ಬಳಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಗಸಿ

ಒಂದೂವರೆ ಕಿಲೋ ತುಂಡುಗಳಿಗೆ ಈ ಅಳತೆ. ಹಳೆಯ ಹಕ್ಕಿಯಾದರೆ ಎರಡು ಚಮಚ ಕಾಯಿ ಪಪ್ಪಾಯಿ ಅರೆದು, ಉಪ್ಪು ಅರಿಶಿನದೊಂದಿಗೆ ತುಂಡುಗಳಿಗೆ ಹಚ್ಚಿ ಒಂದು ಗಂಟೆ ಇಡಬೇಕು. ಅದಕ್ಕಿಂತ ಹೆಚ್ಚು ಹೊತ್ತು ಇಟ್ಟರೆ ಮಾಂಸದ ಹೊರಮೈ ಹಿಟ್ಟಾಗುತ್ತದೆ. ಎಳೆಯದಕ್ಕೆ ಪಪ್ಪಾಯಿ ಬೇಡ.

ಬ್ಯಾಡಗಿ ಮೆಣಸು 15, ಕೊತ್ತಂಬರಿ ಮೂರು ದೊಡ್ಡ ಚಮಚ, ಒಳ್ಳೆಮೆಣಸು ಒಂದು ದೊಡ್ಡ ಚಮಚ, ಜೀರಿಗೆ ಒಂದು ಸಣ್ಣ ಚಮಚ, ಮೆಂತೆ ಕಾಲು ಚಮಚ, ಇವನ್ನು ಒಂದೊಂದಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು. ಕೋಳಿಯ ಗಸಿಗೆ ಹಾಕುವುದಕ್ಕಿಂತ ಒಳ್ಳೆಮೆಣಸು ಇಲ್ಲಿ ಹೆಚ್ಚು ಬೇಕು, ಏಕೆಂದರೆ ಕಪ್ಪು ಮಾಂಸದ ಗಾಢ ರುಚಿಗೆ ಒಣಮೆಣಸಿನ ಖಾರ ಮಾತ್ರ ಸಾಲದು. ಒಂದು ತೆಂಗಿನಕಾಯಿಯ ಅರ್ಧ ಭಾಗವನ್ನು ತುರಿದು ಎಂಟು ಎಸಳು ಬೆಳ್ಳುಳ್ಳಿ, ಒಂದು ನೀರುಳ್ಳಿಯೊಂದಿಗೆ ಕೆಂಪಗೆ ಹುರಿದು, ಮಸಾಲೆಗೆ ಸೇರಿಸಿ ನಯವಾಗಿ ಕಡೆಯಬೇಕು. ಉಳಿದರ್ಧದಿಂದ ದಪ್ಪ ಹಾಲು ಮತ್ತು ತೆಳು ಹಾಲು ಬೇರೆಬೇರೆಯಾಗಿ ಹಿಂಡಿಟ್ಟುಕೊಳ್ಳಬೇಕು.

ಚರ್ಮವಿರುವ ತುಂಡುಗಳ ಚರ್ಮವನ್ನು ಮಾಂಸಕ್ಕೆ ತಾಗದಂತೆ ಅಲ್ಲಲ್ಲಿ ಗೀರಿ, ತಣ್ಣಗಿರುವ ಬಾಣಲೆಯಲ್ಲಿ ಚರ್ಮ ಕೆಳಗಾಗಿ ಜೋಡಿಸಿ ಆಮೇಲೆ ಉರಿ ಹಚ್ಚಬೇಕು. ಬಿಸಿ ಬಾಣಲೆಗೆ ಹಾಕಿದರೆ ಚರ್ಮ ಮುಚ್ಚಿಕೊಂಡು ಕೊಬ್ಬು ಒಳಗೇ ಉಳಿಯುತ್ತದೆ. ಹೀಗೆ ಇಳಿದ ಕೊಬ್ಬಿನಲ್ಲಿ ಎರಡು ದೊಡ್ಡ ಚಮಚದಷ್ಟನ್ನು ಉಳಿಸಿ, ಮಿಕ್ಕದ್ದನ್ನು ಭರಣಿಗೆ ಬಸಿದು, ಉಳಿಸಿದ ಕೊಬ್ಬಿನಲ್ಲೇ ಎರಡು ನೀರುಳ್ಳಿ, ಶುಂಠಿ, ಕರಿಬೇವಿನ ಎಲೆ ಬಾಡಿಸಿ, ಕಡೆದ ಮಸಾಲೆ ಹಾಕಿ ಹಸಿವಾಸನೆ ಹೋಗುವವರೆಗೆ ಹುರಿಯಬೇಕು. ನಂತರ ತುಂಡುಗಳನ್ನೆಲ್ಲ ಹಾಕಿ, ತೆಳು ಹಾಲು, ಮುಳುಗುವಷ್ಟು ಬಿಸಿನೀರು ಸೇರಿಸಿ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಎಳೆಯ ಹಕ್ಕಿ ಒಂದೂಕಾಲು ಗಂಟೆಯಲ್ಲಿ ಬೇಯುತ್ತದೆ, ಹಳೆಯದಕ್ಕೆ ಎರಡೂವರೆ ಗಂಟೆಯೂ ಬೇಕಾಗಬಹುದು. ಕುಕ್ಕರಿನಲ್ಲಾದರೆ ಮೊದಲ ವಿಷಲ್ ಬಂದ ಮೇಲೆ ಸಣ್ಣ ಉರಿಯಲ್ಲಿ 25ರಿಂದ 40 ನಿಮಿಷ. ತೊಡೆಯ ಎಲುಬಿನಿಂದ ಮಾಂಸ ತಾನಾಗಿ ಜಾರಿದರೆ ಬೆಂದಿದೆ ಎಂದರ್ಥ. ನಿಂಬೆಗಾತ್ರದ ಹುಣಸೆಯ ರಸವನ್ನು ಮಾಂಸ ಮೆತ್ತಗಾದ ಬಳಿಕವೇ ಹಾಕಬೇಕು. ಕೊನೆಗೆ ದಪ್ಪ ಹಾಲು ಸೇರಿಸಿ, ಕುದಿ ಏಳುವ ಮುನ್ನ ಇಳಿಸಬೇಕು. ಮೇಲೆ ತೇಲುವ ಕೊಬ್ಬು ಹೆಚ್ಚೆನಿಸಿದರೆ ಸೌಟಿನಿಂದ ತೆಗೆಯಬಹುದು.

ಕೋರಿ ರೊಟ್ಟಿಯ ಗರಿಗರಿ ಹಾಳೆಗಳ ಮೇಲೆ ಈ ಗಸಿ ಬಿದ್ದರೆ ಅದಕ್ಕಿಂತ ಒಳ್ಳೆಯ ಜೋಡಿಯಿಲ್ಲ. ನೀರ್‌ದೋಸೆ, ಪುಂಡಿ, ಪತ್ತಿರಿ ಎಲ್ಲವೂ ಹೊಂದುತ್ತವೆ. ಎಳೆಯ ಹಕ್ಕಿಯ ಎದೆಯನ್ನು ಗಸಿಗೆ ಹಾಕದೆ, ತೆಳುವಾಗಿ ಹೆಚ್ಚಿ, ಅದರದೇ ಕೊಬ್ಬಿನಲ್ಲಿ ಒಳ್ಳೆಮೆಣಸು, ಬೆಳ್ಳುಳ್ಳಿ, ತೆಂಗಿನ ತುರಿಯೊಂದಿಗೆ ಸುಕ್ಕ ಮಾಡಿದರೆ ಎರಡು ಬಗೆಯ ಪದಾರ್ಥವಾಗುತ್ತದೆ. ಪೂರ್ತಿ ಬೇಯದ ಮಾಂಸ ಬೇಡ, ತುಂಡಿನ ನಡುವೆ 74 ಡಿಗ್ರಿ ಬಿಸಿ ತಲುಪಿರಬೇಕು. ಕತ್ತು, ರೆಕ್ಕೆ, ಬೆನ್ನೆಲುಬನ್ನು ಶುಂಠಿ ಒಳ್ಳೆಮೆಣಸಿನೊಂದಿಗೆ ಕುದಿಸಿ ಸೋಸಿದ ನೀರಿನಲ್ಲಿ ಕುಚ್ಚಲಕ್ಕಿ ಗಂಜಿ ಬೇಯಿಸಬಹುದು.

ಗಸಿ ಮರುದಿನಕ್ಕೆ ಇನ್ನಷ್ಟು ರುಚಿಗೊಳ್ಳುತ್ತದೆ. ಆದರೆ ತೆಂಗಿನ ಹಾಲು ಸೇರಿದ ಪದಾರ್ಥ ರಾತ್ರಿ ಹೊರಗಿದ್ದರೆ ಹಳಸುವುದರಿಂದ, ಮರುದಿನಕ್ಕೆ ಎತ್ತಿಡುವ ಪಾಲನ್ನು ದಪ್ಪ ಹಾಲು ಹಾಕುವ ಮೊದಲೇ ತೆಗೆದು, ಬೇಗ ತಣಿಸಿ ಫ್ರಿಜ್ಜಿಗೆ ಸೇರಿಸಿ, ಬಿಸಿ ಮಾಡುವಾಗ ಹೊಸದಾಗಿ ಹಾಲು ಹಿಂಡಿ ಬೆರೆಸಬೇಕು. ಹಸಿ ಮಾಂಸವನ್ನು ಫ್ರೀಜರಿನಲ್ಲಿ ಇಡುವವರು ಗಾಳಿಯಾಡದಂತೆ ಸುತ್ತಿ ಎರಡು ಮೂರು ತಿಂಗಳೊಳಗೆ ಬಳಸಬೇಕು. ಹೆಬ್ಬಾತಿನ ಕೊಬ್ಬು ಮೃದುವಾದದ್ದರಿಂದ ಆಮೇಲೆ ಅದಕ್ಕೆ ಕನರು ವಾಸನೆ ಹತ್ತುತ್ತದೆ.